ಲತಾ ಜೊತೆ ಹಾಡಿದ ಆ ಇನ್ನೊಂದು ದನಿ ಯಾರದು, ಹೇಳಿ ನೋಡೋಣ!

‘ಗೋರೆ ಗೋರೆ’ ಅಂದರೆ ಸಾಕು, ಮುಂದಿನದು ತಾನಾಗಿ ಬಾಯಿಗೆ ಬರುತ್ತದೆ. ಹೌದೋ ಅಲ್ಲವೋ? ಮದುವೆಮನೆ ಆರ್ಕೆಸ್ಟ್ರಾದಲ್ಲಿ ಕೇಳಿದ್ದೀರಿ. ಗಣಪತಿ ಪೆಂಡಾಲಿನಲ್ಲಿ ಕೇಳಿದ್ದೀರಿ. ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಪುಟಾಣಿಗಳು ಹಾಡಿದ್ದನ್ನೂ ಕೇಳಿದ್ದೀರಿ.

ಆ ಹಾಡಿಗೆ ಏಳು ದಶಕ ದಾಟಿದೆ! 1950ರ ‘ಸಮಾಧಿ’ ಚಿತ್ರದ್ದು. ಇವತ್ತಿಗೂ ಕಾಲು ಸುಮ್ಮನಿರಲು ಬಿಡುವುದಿಲ್ಲ.

ಈಗ ಪ್ರಶ್ನೆ. ಆ ಹಾಡಿನಲ್ಲಿ ಎರಡು ಹೆಣ್ಣುದನಿಗಳಿವೆ. ಒಂದು ಲತಾ ಮಂಗೇಶ್ಕರ್. ಅದು ಊರಿಗೇ ಗೊತ್ತು. ಇನ್ನೊಂದು?

ಶಂಷಾದ್ ಬೇಗಂ? ಅಲ್ಲ. ಗೀತಾ ದತ್? ಅಲ್ಲ. ಆಶಾ? ಅಲ್ಲವೇ ಅಲ್ಲ!

ಸುಳಿವು ಬೇಕೇ? ಕೊಡುತ್ತೇನೆ. ಅಜ್ಜಂಪುರ ಸ್ಟೇಷನ್ನಿನಲ್ಲಿ ನಿಂತು ಉತ್ತರಕ್ಕೆ ನೋಡಿ. ಆ ಹಳಿ ಹಿಡಿದು ಹೊರಟರೆ ದಾವಣಗೆರೆ, ಹುಬ್ಬಳ್ಳಿ. ಅಲ್ಲಿಂದ ಗದಗ, ಬಾದಾಮಿ, ಬಾಗಲಕೋಟೆ. ಬಾಗಲಕೋಟೆ ಸೀಮೆಯಲ್ಲಿ ಒಂದು ಊರು, ಬೀಳಗಿ. ಆ ದನಿ ಹುಟ್ಟಿದ್ದು ಅಲ್ಲಿ!

ಹೌದು, ಕನ್ನಡದ ದನಿ! ಲತಾ ಒಂದು ಸಾಲು ಎತ್ತಿದರೆ ಅಷ್ಟೇ ಠೀವಿಯಿಂದ ಉತ್ತರ ಕೊಡುವ ಆ ಗಾಯಕಿ ನಮ್ಮವರು. ಹೆಸರು ಅಮೀರ್‌ಬಾಯಿ ಕರ್ನಾಟಕಿ.

ಇಷ್ಟಕ್ಕೇ ಬೆರಗಾದಿರಾ? ತಾಳಿ. ಕತೆ ಈಗಷ್ಟೇ ಶುರು!

ಪೋರ್ಟೊರಿಕೋದ ಹುಡುಗ, ಬೀಳಗಿಯ ಕಂಠ

ಮೊದಲು ಆ ಧಾಟಿ ಎಲ್ಲಿಂದ ಬಂತು ನೋಡಿ. ಮುಂಬೈಯಿಂದಲ್ಲ. ಲಖನೌದಿಂದಲ್ಲ. ಸಮುದ್ರದಾಚೆಯ ಅಮೆರಿಕದಿಂದ! ಪೋರ್ಟೊರಿಕೋದ ಚಿಕೋ ಎಂಬ ಹುಡುಗನ ಮೇಲೆ ಕಟ್ಟಿದ ಒಂದು ಕುಣಿತದ ಹಾಡಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಹಾಲಿವುಡ್‌ನಲ್ಲಿ ಕಾರ್ಮೆನ್ ಮಿರಾಂಡಾ ಅದನ್ನು ಹಾಡಿದ್ದರು. ಲಂಡನ್ನಿನಲ್ಲಿ ಎಡ್ಮಂಡೊ ರೋಸ್ ತನ್ನ ವಾದ್ಯವೃಂದದೊಂದಿಗೆ ಮೆರೆಸಿದ್ದ.

ಆ ಧಾಟಿ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಕಿವಿಗೆ ಬಿತ್ತು. ಅವರು ಅದನ್ನು ಹಿಂದಿಗೆ ತಂದರು. ಹಾಡಲು ಇಬ್ಬರನ್ನು ಕರೆದರು. ಒಬ್ಬರು ಇಪ್ಪತ್ತರ ಹರೆಯದ ಲತಾ. ಇನ್ನೊಬ್ಬರು ನಲವತ್ತರ ಆಸುಪಾಸಿನ ಅಮೀರ್‌ಬಾಯಿ.

ಈಗ ಇನ್ನೊಂದು ಊಹೆ! ಹಾಡಿನಲ್ಲಿ ಒಬ್ಬಳು ಹುಡುಗನನ್ನು ಕರೆಯುತ್ತಾಳೆ, ಹುಡುಗ ಅವಳಿಗೆ ಉತ್ತರ ಕೊಡುತ್ತಾನೆ. ಅಮೀರ್‌ಬಾಯಿ ಹಾಡಿದ್ದು ಯಾರ ಪಾಲನ್ನು?

ಹುಡುಗನ ಪಾಲನ್ನು! ಪರದೆಯ ಮೇಲೆ ನಳಿನಿ ಜಯವಂತ್ ಕುಣಿಯುತ್ತಾರೆ. ಅವರ ಎದುರಿಗೆ ಗಂಡುವೇಷ ತೊಟ್ಟು ಕುಣಿದವರು ನಟಿ ಕುಲದೀಪ್ ಕೌರ್. ಆ ಗಂಡುವೇಷಕ್ಕೆ ಕಂಠ ಕೊಟ್ಟವರು ನಮ್ಮ ಅಮೀರ್‌ಬಾಯಿ. ಈಗಲೇ ಮೊಬೈಲಿನಲ್ಲಿ ಹಾಕಿ ಕೇಳಿ. ಲತಾರ ದನಿ ತೆಳ್ಳಗೆ, ಮೇಲಕ್ಕೆ ಹಾರುತ್ತದೆ. ಇನ್ನೊಂದು ದನಿ ಅಗಲವಾದದ್ದು, ತೂಕದ್ದು. ನೆಲದ ಮೇಲೆ ಗಟ್ಟಿಯಾಗಿ ಕಾಲೂರಿ ನಿಂತ ದನಿ. ಕೇಳಿದಿರಾ? ಅದೇ! ಅದೇ ಬೀಳಗಿ!

ಒನ್ಸ್ ಮೋರ್! ಒನ್ಸ್ ಮೋರ್!

ಏಳು ವರ್ಷ ಹಿಂದಕ್ಕೆ ಹೋಗೋಣ, 1943ಕ್ಕೆ. ಕ್ವಿಟ್ ಇಂಡಿಯಾ ಚಳವಳಿ ಸಿಡಿದು ಆರು ತಿಂಗಳೂ ಆಗಿಲ್ಲ. ಗಾಂಧೀಜಿ ಸೆರೆಯಲ್ಲಿದ್ದಾರೆ. ನೆಹರೂ ಸೆರೆಯಲ್ಲಿದ್ದಾರೆ. ಊರೂರಿನ ಹುಡುಗರು ಸೆರೆಯಲ್ಲಿದ್ದಾರೆ.

ಅಂಥ ಹೊತ್ತಿನಲ್ಲಿ ಬಾಂಬೆ ಟಾಕೀಸ್‌ನಿಂದ ಒಂದು ಚಿತ್ರ ಬಂತು. ‘ಕಿಸ್ಮತ್’. ನಾಯಕ ಅಶೋಕ್ ಕುಮಾರ್. ಅವನು ಒಬ್ಬ ಜೇಬುಗಳ್ಳ! ಒಳ್ಳೆಯವನೇ ನಾಯಕನಾಗಬೇಕೆಂದಿದ್ದ ಕಾಲದಲ್ಲಿ ಕಳ್ಳ ನಾಯಕ! ಸಂಗೀತ ಅನಿಲ್ ಬಿಸ್ವಾಸ್ ಅವರದು. ಹಾಡು ಬರೆದವರು ಕವಿ ಪ್ರದೀಪ್.

ಅದರಲ್ಲಿ ಒಂದು ಹಾಡು, ‘ದೂರ್ ಹಟೋ’. ಹೊರಗಿನವರೇ, ಹಿಂದೂಸ್ತಾನ ನಮ್ಮದು, ದೂರ ಸರಿಯಿರಿ ಎಂಬ ಕೂಗು. ಬ್ರಿಟಿಷರು ಕುರ್ಚಿಯಲ್ಲಿ ಕುಳಿತೇ ಇದ್ದಾರೆ. ಅವರ ಮೂಗಿನ ನೇರಕ್ಕೆ ಈ ಹಾಡು!

ಸೆನ್ಸಾರಿನವರು ಬಿಟ್ಟದ್ದಾದರೂ ಹೇಗೆ? ಇಲ್ಲಿದೆ ಚಮತ್ಕಾರ! ಪ್ರದೀಪ್ ಹಾಡಿನೊಳಗೆ ಎರಡು ದೇಶದವರ ಹೆಸರು ಸೇರಿಸಿದ್ದರು. ಜರ್ಮನರು, ಜಪಾನಿಗಳು. ಆಗ ಬ್ರಿಟನ್ನಿನ ವೈರಿಗಳು ಅವರೇ ತಾನೇ? ಯುದ್ಧಕಾಲದ ಪ್ರಚಾರಗೀತೆ ಎಂದು ಹಾಡು ಪಾಸಾಯಿತು.

ಜನ ಮೋಸ ಹೋಗಲಿಲ್ಲ! ಯಾರಿಗೆ ದೂರ ಸರಿಯಿರಿ ಎನ್ನುತ್ತಿದ್ದಾರೆಂದು ಚಿತ್ರಮಂದಿರದ ಗಾಂಧಿ ಕ್ಲಾಸಿನವನಿಗೂ ಗೊತ್ತಾಯಿತು. ಹಾಡು ಮುಗಿದ ಕೂಡಲೇ ಗದ್ದಲ. ಒನ್ಸ್ ಮೋರ್! ಪ್ರೊಜೆಕ್ಟರ್ ನಿಲ್ಲಿಸಿ, ರೀಲು ಹಿಂದಕ್ಕೆ ಸುತ್ತಿ, ಮತ್ತೆ ಅದೇ ಹಾಡು ಹಾಕಬೇಕಾಯಿತು. ನಾಟಕದಲ್ಲಿ ಒನ್ಸ್ ಮೋರ್ ಕೇಳಿದ್ದೀರಿ. ಸಿನಿಮಾದಲ್ಲಿ ಒನ್ಸ್ ಮೋರ್!

ಸರಕಾರಕ್ಕೆ ತಡವಾಗಿ ಎಚ್ಚರವಾಯಿತು. ಬಂಧನದ ಭಯಕ್ಕೆ ಪ್ರದೀಪ್ ತಲೆಮರೆಸಿಕೊಂಡರು.

ಅಷ್ಟೊಂದು ಜನರನ್ನು ಎದ್ದು ನಿಲ್ಲಿಸಿದ ಆ ಹಾಡಿನ ಮುಖ್ಯ ಕಂಠ ಯಾರದು, ಈಗ ನೀವೇ ಹೇಳಿ.

ಅಮೀರ್‌ಬಾಯಿಯವರದು! ಖಾನ್ ಮಸ್ತಾನಾ ಜೊತೆಗಿದ್ದರು. ದೇಶವೇ ಹಾಡಿಕೊಂಡ ಸ್ವಾತಂತ್ರ್ಯದ ಕೂಗಿನಲ್ಲಿ ಕನ್ನಡದ ಕಂಠವಿತ್ತು. ಇದನ್ನು ನಮ್ಮ ಎಷ್ಟು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ?

ಅದೊಂದೇ ಅಲ್ಲ. ಅದೇ ಚಿತ್ರದಲ್ಲಿ ಒಂದು ಜೋಗುಳದಂಥ ಹಾಡಿದೆ. ಮೋಡವೇ, ಮೆಲ್ಲಗೆ ಬಾ ಎಂದು ಬೇಡುವ ಹಾಡು. ಕೂಗಿ ಎಬ್ಬಿಸಿದ ಕಂಠವೇ ಇಲ್ಲಿ ಪಿಸುಗುಟ್ಟುತ್ತದೆ! ದೀಪಾವಳಿಯ ರಾತ್ರಿ ತನ್ನ ಮನೆಯಲ್ಲಿ ಮಾತ್ರ ಕತ್ತಲೆ ಎಂದು ಮರುಗುವ ಹಾಡೂ ಇದೆ. ಅದೂ ಅವರದೇ. ಒಂದೇ ಚಿತ್ರ, ಒಂದೇ ಗಂಟಲು, ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟು ಭಾವ!

‘ಕಿಸ್ಮತ್’ ಎಷ್ಟು ದಿನ ಓಡಿತು, ಹೇಳಿ ನೋಡೋಣ. ನೂರು ದಿನ? ನಗಬೇಡಿ! ಇಪ್ಪತ್ತೈದು ವಾರ? ಇನ್ನೂ ಮೇಲೆ. ಒಂದು ವರ್ಷ? ಇನ್ನೂ ಮೇಲೆ!

ಕಲ್ಕತ್ತಾದ ರಾಕ್ಸಿ ಚಿತ್ರಮಂದಿರದಲ್ಲಿ 187 ವಾರ!

ನೂರ ಎಂಬತ್ತೇಳು! ಮೂರೂವರೆ ವರ್ಷಕ್ಕೂ ಮಿಗಿಲು. ಚಿತ್ರ ಬಂದಾಗ ತೊಟ್ಟಿಲಲ್ಲಿದ್ದ ಮಗು, ಚಿತ್ರ ತೆಗೆಯುವ ಹೊತ್ತಿಗೆ ಅಪ್ಪನ ಕೈ ಹಿಡಿದು ನಡೆಯುತ್ತಿತ್ತು. ಅಷ್ಟರಲ್ಲಿ ಮಹಾಯುದ್ಧವೇ ಮುಗಿದುಹೋಗಿತ್ತು! ಒಂದು ಕೋಟಿ ರೂಪಾಯಿ ಗಳಿಸಿದ ಮೊದಲ ಭಾರತೀಯ ಚಿತ್ರ ಎಂಬ ಹೆಸರೂ ಇದಕ್ಕೇ. 1943ರ ಒಂದು ಕೋಟಿ!

ಬೀಳಗಿಯಿಂದ ಮುಂಬೈಗೆ, ಹದಿನೈದಕ್ಕೆ

ಇಂಥ ದನಿ ಎಲ್ಲಿ ಪಳಗಿತು? ನಾಟಕದ ಮನೆಯಲ್ಲಿ! ಮನೆತನಕ್ಕೇ ನಾಟಕ ಕಂಪನಿ, ಹಾಡು, ತಬಲಾದ ನಂಟು. ಐವರು ಅಕ್ಕತಂಗಿಯರು. ಅವರಲ್ಲಿ ಇಬ್ಬರು ದೇಶಕ್ಕೇ ಹೆಸರಾದರು. ಒಬ್ಬರು ಅಮೀರ್‌ಬಾಯಿ. ಇನ್ನೊಬ್ಬರು ಅಕ್ಕ ಗೋಹರ್‌ಬಾಯಿ.

ಕಂಪನಿ ನಾಟಕದಲ್ಲಿ ಮೈಕಿಲ್ಲದ ಕಾಲವದು. ಹಾಡುವವರ ದನಿ ಕಟ್ಟಕಡೆಯ ಸಾಲಿಗೆ ಮುಟ್ಟಲೇಬೇಕು. ಮುಟ್ಟದಿದ್ದರೆ ಹಿಂದಿನಿಂದ ಸೀಟಿ! ಅಂಥ ಕಡೆ ತಯಾರಾದ ಗಂಟಲು ಮೈಕಿನ ಮುಂದೆ ನಿಂತಾಗ ಏನಾಗಬೇಡ?

ಹದಿನೈದರ ಆಸುಪಾಸಿನಲ್ಲಿ ಹುಡುಗಿ ಮುಂಬೈಗೆ ಹೊರಟಳು. ಎಚ್‌ಎಂವಿ ಕಂಪನಿಯವರು ದನಿ ಕೇಳಿದರು. ಒಂದು ಕವ್ವಾಲಿ ಹಾಡಿಸಿದರು. ಪ್ಲೇಟು ಬಂತು. ಜನ ತಿರುಗಿ ನೋಡಿದರು!

1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರ. ಅವಕಾಶ ಕೊಡಿಸಿದ್ದು ಅಕ್ಕ ಗೋಹರ್. ಆಗಿನ ಪದ್ಧತಿ ಗೊತ್ತಲ್ಲ? ನಟಿಸುವವರೇ ಹಾಡಬೇಕು. ಅಮೀರ್‌ಬಾಯಿ ನಟಿಸಿದರು, ಹಾಡಿದರು, ಮತ್ತೆ ನಟಿಸಿದರು.

1940ರಲ್ಲಿ ‘ನರಸಿ ಭಗತ್’. ಸಂತಕವಿ ನರಸಿಂಹ ಮೆಹತಾ ಅವರ ಕತೆ. ಗಾಂಧೀಜಿಯ ಪ್ರಾರ್ಥನೆಯಲ್ಲಿ ತಪ್ಪದೇ ಇರುತ್ತಿದ್ದ ಆ ಭಜನೆ ಆ ಕವಿಯದೇ. ಆ ಚಿತ್ರದಲ್ಲಿ ಅಮೀರ್‌ಬಾಯಿ ಹಾಡಿದರು, ನಟಿಸಿದರು. ಬೀಳಗಿಯ ಮುಸ್ಲಿಂ ಮನೆಯ ಕನ್ನಡದ ಹೆಣ್ಣುಮಗಳು ಗುಜರಾತಿ ವೈಷ್ಣವ ಸಂತನ ಚಿತ್ರದಲ್ಲಿ ಹಾಡುತ್ತಾರೆ, ಇಡೀ ದೇಶ ಕೇಳಿ ಕೈಮುಗಿಯುತ್ತದೆ! ಹೀಗಿತ್ತು ನಮ್ಮ ದೇಶ. ಇದಕ್ಕಿಂತ ದೊಡ್ಡ ಸೋಜಿಗ ಬೇಕೇ?

ಬೇಕೇ? ಇದೆ!

ಅಕ್ಕನ ಕತೆ ಕೇಳಿದರೆ!

ತಂಗಿ ಗಂಡುವೇಷಕ್ಕೆ ಕಂಠ ಕೊಟ್ಟರು ಎಂದೆನಲ್ಲ? ಅಕ್ಕ ಗೋಹರ್‌ಬಾಯಿ ಕೈಹಿಡಿದ ಗಂಡು ಯಾರು, ಊಹಿಸಿ.

ಹೆಣ್ಣುವೇಷದಿಂದಲೇ ಜಗತ್ತನ್ನು ಗೆದ್ದ ಬಾಲಗಂಧರ್ವ!

ಅದೇ ಬಾಲಗಂಧರ್ವ! ಮರಾಠಿ ರಂಗಭೂಮಿಯ ನಾರಾಯಣ ಶ್ರೀಪಾದ ರಾಜಹಂಸ. ಅವರು ಸೀರೆಯುಟ್ಟು ರಂಗಕ್ಕೆ ಬಂದರೆ ಹೆಂಗಸರೇ ಬೆರಗಾಗಿ ಅವರ ಸೀರೆ, ಒಡವೆ, ಮುಡಿಯ ರೀತಿಯನ್ನು ಅನುಕರಿಸುತ್ತಿದ್ದರು. ಆ ಮಹಾನಟನ ಹಾಡಿಕೆಗೆ ಮಾರುಹೋದವರು ಬೀಳಗಿಯ ಗೋಹರ್. ಅದೇ ಶೈಲಿಯಲ್ಲಿ ಹಾಡಲು ಕಲಿತರು, ಅವರ ಕಂಪನಿಯನ್ನೇ ಸೇರಿದರು, ಕೊನೆಗೆ ಅವರ ಮಡದಿಯಾದರು.

ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು. ಒಬ್ಬರು ಮರಾಠಿ ರಂಗಭೂಮಿಯ ಬಾಳಿನೊಳಗೆ, ಇನ್ನೊಬ್ಬರು ಹಿಂದಿ ಚಿತ್ರಗಳ ನೆತ್ತಿಯ ಮೇಲೆ. ಇಬ್ಬರ ಹೆಸರಿನ ಬಾಲದಲ್ಲೂ ಒಂದೇ ಪದ, ಕರ್ನಾಟಕಿ. ಈ ಹೆಸರಿನೊಳಗೇ ಒಂದು ಬಾಂಬು ಅಡಗಿದೆ. ಕೊನೆಗೆ ಸಿಡಿಸುತ್ತೇನೆ. ಕಾಯಿರಿ!

ಮದುಮಗನೇ ನೌಷಾದ್!

1944. ‘ರತನ್’ ಚಿತ್ರ. ಸಂಗೀತ ನೌಷಾದ್. ಅಮೀರ್‌ಬಾಯಿ, ಜೊಹ್ರಾಬಾಯಿ ಅಂಬಾಲೇವಾಲಿ, ಇಬ್ಬರೂ ಹಾಡಿದರು. ಹಾಡುಗಳು ಬೀದಿಬೀದಿಗೆ ಹರಡಿದವು.

ಎಷ್ಟರ ಮಟ್ಟಿಗೆ? ನೌಷಾದ್ ಅವರೇ ಹೇಳುತ್ತಿದ್ದ ಕತೆ ಕೇಳಿ. ಅವರ ಮದುವೆ ನಿಶ್ಚಯವಾಯಿತು. ಸಿನಿಮಾದವನೆಂದರೆ ಹೆಣ್ಣು ಕೊಡುತ್ತಾರೆಯೇ? ಮನೆಯವರು ಹುಡುಗ ದರ್ಜಿ ಎಂದು ಹೇಳಿಬಿಟ್ಟರು! ಮದುವೆ ದಿಬ್ಬಣ ಹೊರಟಿತು. ಬ್ಯಾಂಡಿನವರು ಬಾರಿಸಿದ್ದೇನು? ‘ರತನ್’ ಚಿತ್ರದ ಹಾಡು! ತಾನೇ ಕಟ್ಟಿದ ಹಾಡಿಗೆ ಮದುಮಗ ಬಾಯಿಮುಚ್ಚಿ ಕೂರಬೇಕಾಯಿತು. ತುಟಿ ಬಿಚ್ಚಿದರೆ ಗುಟ್ಟು ರಟ್ಟು!

ಇಂಥ ಹಾಡುಗಳ ಕಾಲದಲ್ಲಿ ಅಮೀರ್‌ಬಾಯಿ ತುತ್ತತುದಿಯಲ್ಲಿದ್ದರು. 1947ರಲ್ಲಿ ‘ಶಹನಾಯಿ’ ಬಂತು, ಮತ್ತೆ ಸಿ. ರಾಮಚಂದ್ರ, ಮತ್ತೆ ಅಮೀರ್‌ಬಾಯಿ, ಮತ್ತೆ ಜನಜಂಗುಳಿ! ಒಟ್ಟು ಲೆಕ್ಕ ಹಾಕಿದವರು ಹೇಳುವುದು, ಸುಮಾರು 150 ಚಿತ್ರ, ಸುಮಾರು 380 ಹಾಡು.

ಮುನ್ನೂರ ಎಂಬತ್ತು! ಅದರಲ್ಲಿ ನಾವು ಎಷ್ಟು ಕೇಳಿದ್ದೇವೆ?

ಒಂದು ಹಾಡು ಧ್ವನಿಮುದ್ರಣವಾಗುತ್ತಿದ್ದ ಬಗೆ ತಿಳಿದರೆ ಆ ಸಂಖ್ಯೆಗೆ ನೀವು ನಮಸ್ಕಾರ ಮಾಡುತ್ತೀರಿ. ಇವತ್ತಿನಂತೆ ಒಂದೊಂದು ಸಾಲು ಹಾಡಿ ಜೋಡಿಸುವ ಮಾತೇ ಇಲ್ಲ. ಹಾಡುವವರು, ತಬಲಾ, ಪಿಟೀಲು, ಕೊಳಲು, ಎಲ್ಲರೂ ಒಟ್ಟಿಗೆ, ಒಂದೇ ಉಸಿರಿಗೆ. ಕೊನೆಯ ಸಾಲಿನಲ್ಲಿ ಒಬ್ಬ ತಪ್ಪಿದರೂ ಮತ್ತೆ ಮೊದಲಿನಿಂದ! ಬಹಳಷ್ಟು ಸಲ ಸಿನಿಮಾಕ್ಕೆ ಒಮ್ಮೆ, ಗ್ರಾಮಫೋನ್ ಪ್ಲೇಟಿಗೆ ಇನ್ನೊಮ್ಮೆ ಹಾಡಬೇಕಿತ್ತು. ಏಕೆಂದರೆ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಬರೀ ಮೂರು ಚಿಲ್ಲರೆ ನಿಮಿಷ. ನಿಮಿಷಕ್ಕೆ 78 ಸುತ್ತು. ಅಷ್ಟರೊಳಗೆ ಅಳಿಸಬೇಕು, ನಗಿಸಬೇಕು, ಮುಗಿಸಬೇಕು!

ಹಾಡಿಸುವ ಕುರ್ಚಿಯಲ್ಲಿ ಹೆಣ್ಣು

ಇನ್ನೊಂದು ಅಚ್ಚರಿ. 1948. ಚಿತ್ರದ ಹೆಸರು ‘ಶಹನಾಜ್’. ಸಂಗೀತ ನಿರ್ದೇಶನ ಯಾರದು?

ಅಮೀರ್‌ಬಾಯಿ ಕರ್ನಾಟಕಿ!

ಹಾಡಿದ್ದಲ್ಲ, ಹಾಡಿಸಿದ್ದು! ರಾಗ ಕಟ್ಟಿದ್ದು! ಆ ಕಾಲಕ್ಕೆ ಹಿಂದಿ ಚಿತ್ರರಂಗದಲ್ಲಿ ಸಂಗೀತ ನಿರ್ದೇಶಕಿಯರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಬಾಂಬೆ ಟಾಕೀಸ್‌ನ ಸರಸ್ವತಿ ದೇವಿ ಇದ್ದರು. ನರ್ಗಿಸ್ ಅವರ ತಾಯಿ ಜದ್ದನ್‌ಬಾಯಿ ಇದ್ದರು. ಆ ಸಾಲಿಗೆ ಬೀಳಗಿಯ ಹೆಣ್ಣುಮಗಳು ಹೋಗಿ ಕುಳಿತರು. ಹಾಡಿಸಿದ್ದು ಯಾರಿಂದ? ಆಗಷ್ಟೇ ಏರುತ್ತಿದ್ದ ಮಹಮ್ಮದ್ ರಫಿಯಿಂದ!

ಇವತ್ತಿಗೂ ನಮ್ಮ ಸಿನಿಮಾಗಳಲ್ಲಿ ಸಂಗೀತ ನಿರ್ದೇಶಕಿಯರು ಎಷ್ಟು ಮಂದಿ? ಎಣಿಸಿ ನೋಡಿ. ಆಮೇಲೆ 1948ನ್ನು ನೆನಪಿಸಿಕೊಳ್ಳಿ.

ಅದೇ ಹೊತ್ತಿಗೆ ಟೋಕಿಯೊದಲ್ಲಿ

ಈಗ ನಿಮ್ಮನ್ನು ಒಮ್ಮೆಲೇ ಜಪಾನಿಗೆ ಕರೆದೊಯ್ಯುತ್ತೇನೆ. ಕಾರಣ ಇದೆ!

‘ದೂರ್ ಹಟೋ’ ಹಾಡು ಜಪಾನಿಗಳನ್ನು ವೈರಿಗಳ ಪಟ್ಟಿಯಲ್ಲಿ ಹೆಸರಿಸಿತ್ತು. ಏಳೇ ವರ್ಷ. ‘ಸಮಾಧಿ’ ಬಂತು. ಆ ಚಿತ್ರದ ವಸ್ತು ಯಾವುದು ಗೊತ್ತೇ? ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜು. ಜಪಾನಿನ ಜೊತೆ ಹೆಗಲು ಕೊಟ್ಟು ಹೋರಾಡಿದ ಸೇನೆ! ಎರಡೂ ಚಿತ್ರಕ್ಕೆ ನಾಯಕ ಅಶೋಕ್ ಕುಮಾರ್. ಎರಡೂ ಚಿತ್ರಕ್ಕೆ ಕಂಠ ಅಮೀರ್‌ಬಾಯಿ. ಇತಿಹಾಸ ಅಂಗಾತ ಮಗುಚಿಬಿದ್ದರೂ ದನಿ ಅದೇ!

ಆ ಏಳು ವರ್ಷಗಳ ನಡುವೆ ಜಪಾನ್ ಸೋತು ಸುಣ್ಣವಾಗಿತ್ತು. ಟೋಕಿಯೊ ಸುಟ್ಟುಹೋಗಿತ್ತು. 1948ರ ಜನವರಿಯಲ್ಲಿ ಅಲ್ಲಿ ಒಂದು ಪ್ಲೇಟು ಬಿಡುಗಡೆಯಾಯಿತು. ‘ಟೋಕಿಯೊ ಬೂಗಿ ವೂಗಿ’. ಹಾಡಿದವರು ಕಸಾಗಿ ಶಿಜುಕೊ. ರಾಗ ಹತ್ತೊರಿ ರ್ಯೋಯಿಚಿ ಅವರದು, ತಾಳ ಅಮೆರಿಕದ್ದು. ಹೊಟ್ಟೆಗಿಲ್ಲದ ಜನ ಆ ಹಾಡಿಗೆ ಕುಣಿದರು!

ಗಮನಿಸಿದಿರಾ? ಮುಂಬೈ, ಟೋಕಿಯೊ. ಎರಡು ದೇಶ, ಎರಡು ಗಾಯ. ಇಲ್ಲಿ ವಿಭಜನೆಯ ಗಾಯ, ಅಲ್ಲಿ ಯುದ್ಧದ ಗಾಯ. ಎರಡೂ ಕಡೆ ಜನರನ್ನು ಮತ್ತೆ ಕಾಲಮೇಲೆ ನಿಲ್ಲಿಸಿದ್ದು ಕಡಲಾಚೆಯಿಂದ ಬಂದ ಕುಣಿತದ ಗತಿ, ಅದನ್ನು ತಮ್ಮದಾಗಿಸಿಕೊಂಡ ಒಂದು ಗಟ್ಟಿ ಹೆಣ್ಣುದನಿ!

ಕಸಾಗಿಯ ಹಿಂದೆಯೇ ಒಬ್ಬಳು ಪೋರಿ ಬಂದಳು. ಯೊಕೊಹಾಮಾದ ಮಿಸೊರಾ ಹಿಬಾರಿ. 1949ರಲ್ಲಿ ಜಪಾನೆಲ್ಲ ಅವಳ ಹಾಡು ಹಾಡಿಕೊಳ್ಳುತ್ತಿತ್ತು. ವಯಸ್ಸು ಎಷ್ಟು? ಹನ್ನೆರಡು! 1989ರಲ್ಲಿ 52ರ ವಯಸ್ಸಿಗೇ ತೀರಿಕೊಂಡರು. ಜಪಾನ್ ಸರಕಾರ ದೇಶದ ಜನಗೌರವ ಪ್ರಶಸ್ತಿ ಕೊಟ್ಟಿತು. ಅದನ್ನು ಪಡೆದ ಮೊದಲ ಮಹಿಳೆ ಅವರೇ. ಕ್ಯೋತೊ ನಗರದಲ್ಲಿ ಅವರ ಹೆಸರಲ್ಲಿ ಒಂದು ಮ್ಯೂಸಿಯಂ ಎದ್ದಿತು. ಕಸಾಗಿಯವರನ್ನಾದರೂ ಮರೆತರೇ? ಇಲ್ಲ! 2023ರಲ್ಲಿ ಅವರ ಬದುಕನ್ನು ಆಧರಿಸಿದ ಧಾರಾವಾಹಿ ಎನ್‌ಎಚ್‌ಕೆ ವಾಹಿನಿಯಲ್ಲಿ ದಿನಾ ಬೆಳಿಗ್ಗೆ ಮೂಡಿಬಂತು.

ಜಪಾನ್ ತನ್ನ ದನಿಗಳನ್ನು ಹೀಗೆ ಎತ್ತಿ ಆಡಿಸುತ್ತದೆ. ನಮ್ಮ ದನಿಯನ್ನು ಯಾರು ಎತ್ತಿಕೊಂಡರು?

ಈ ಪ್ರಶ್ನೆಗೆ ಉತ್ತರ ಕೇಳಿದರೆ ತರೀಕೆರೆಯವರು ಎದೆಯುಬ್ಬಿಸುತ್ತೀರಿ!

ತರೀಕೆರೆಯ ಸಮತಳದಿಂದ ಒಬ್ಬರು

ತರೀಕೆರೆ ತಾಲ್ಲೂಕಿನಲ್ಲಿ ಸಮತಳ ಎಂಬ ಹಳ್ಳಿ. 1959ರಲ್ಲಿ ಅಲ್ಲಿ ಒಬ್ಬರು ಹುಟ್ಟಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. ಸೂಫಿಗಳ ಬೆನ್ನುಹತ್ತಿ ನಾಡೆಲ್ಲ ಸುತ್ತಿದರು. ನಾಥಪಂಥದವರ ಮಠಗಳಿಗೆ ಹೋದರು. ಮೊಹರಂ ಪದಗಳನ್ನು ಕೇಳಿ ಬರೆದುಕೊಂಡರು. ‘ಕತ್ತಿಯಂಚಿನ ದಾರಿ’ ಕೃತಿಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹೆಸರು ಹೇಳಬೇಕೇ? ರಹಮತ್ ತರೀಕೆರೆ!

ಅಮೀರ್‌ಬಾಯಿ ಕರ್ನಾಟಕಿಯವರ ಬದುಕಿನ ಬೆನ್ನುಹತ್ತಿ ಕನ್ನಡದಲ್ಲಿ ಪುಸ್ತಕ ಮಾಡಿದವರು ಇವರೇ! ಮುಂಬೈಯ ಸಿನಿಮಾ ಚರಿತ್ರೆಯಲ್ಲಿ ಎಲ್ಲೋ ಅಡಿಟಿಪ್ಪಣಿಯಾಗಿದ್ದ ಕನ್ನಡದ ದನಿಯನ್ನು ಕನ್ನಡದ ಓದುಗರ ಕೈಗೆ ತಂದಿಟ್ಟವರಲ್ಲಿ ನಿಮ್ಮೂರಿನ ಹೆಸರು ಹೊತ್ತವರಿದ್ದಾರೆ. ಒಬ್ಬರ ಹೆಸರಿನ ತುದಿಯಲ್ಲಿ ಕರ್ನಾಟಕಿ, ಇನ್ನೊಬ್ಬರ ಹೆಸರಿನ ತುದಿಯಲ್ಲಿ ತರೀಕೆರೆ. ಬೀಳಗಿಯ ಹಾಡಿಗೂ ತರೀಕೆರೆಯ ಬರಹಕ್ಕೂ ಹೀಗೊಂದು ಗಂಟು ಬೀಳುತ್ತದೆಂದು ಯಾರು ತಾನೇ ಎಣಿಸಿದ್ದರು?

ಎತ್ತರದಿಂದ ಇಳಿದ ಬಗೆ

ಹಾಡಿನ ಲೋಕ ನಿರ್ದಯಿ. 1949ರ ಹೊತ್ತಿಗೆ ಲತಾ ಎಂಬ ಮಹಾಪೂರ ಬಂತು. ಹಳೆಯ ಕಂಠಗಳೆಲ್ಲ ಒಂದೊಂದಾಗಿ ದಡ ಸೇರಿದವು. ನೂರ್‌ಜಹಾನ್ ಆಗಲೇ ಪಾಕಿಸ್ತಾನಕ್ಕೆ ಹೋಗಿದ್ದರು. ಖುರ್ಷಿದ್ ಹೋಗಿದ್ದರು. ಜೊಹ್ರಾಬಾಯಿಯ ದನಿ ಕಡಿಮೆಯಾಯಿತು.

ಅಮೀರ್‌ಬಾಯಿ ಏನು ಮಾಡಿದರು? ಮನೆಯ ಮೂಲೆ ಸೇರಿದರೇ? ಇಲ್ಲ! ಮತ್ತೆ ಬಣ್ಣ ಹಚ್ಚಿದರು. ಪೋಷಕ ಪಾತ್ರಗಳಲ್ಲಿ ಕ್ಯಾಮೆರಾದ ಮುಂದೆ ನಿಂತರು. ಎಲ್ಲಿಂದ ಶುರು ಮಾಡಿದ್ದರೋ ಅದೇ ಅಭಿನಯವನ್ನು ಮತ್ತೆ ಎದೆಗೊತ್ತಿಕೊಂಡರು.

ಬದುಕೂ ಹೂವಿನ ಹಾಸಿಗೆಯಾಗಿರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮೊದಲ ಮದುವೆ ಬಹಳ ನೋವು ಕೊಟ್ಟಿತು, ಮುರಿದುಬಿತ್ತು. ಆ ನೋವಿನಿಂದ ಎದ್ದು ಬಂದರು. ಮುಂದೆ ‘ಪಾರಸ್’ ಪತ್ರಿಕೆಯ ಬದ್ರಿ ಕಾಂಚ್‌ವಾಲಾ ಅವರನ್ನು ಕೈಹಿಡಿದರು.

ದುಡಿದ ಹಣದಲ್ಲಿ ಏನು ಮಾಡಿದರು ಗೊತ್ತೇ? ಮುಂಬೈಯಲ್ಲಿ ಬಂಗಲೆ ಮೇಲೆ ಬಂಗಲೆ? ಅವರ ಕಣ್ಣು ಊರಿನ ಕಡೆಗೇ ಇತ್ತು! ವಿಜಯಪುರದಲ್ಲಿ ಅವರ ಹೆಸರಿನಲ್ಲೇ ಒಂದು ಚಿತ್ರಮಂದಿರ ತಲೆಯೆತ್ತಿತು. ಅಮೀರ್ ಟಾಕೀಸ್! ನಟಿಸಿದವರು, ಹಾಡಿದವರು, ಹಾಡಿಸಿದವರು, ಈಗ ಸಿನಿಮಾ ತೋರಿಸುವ ಮನೆಯ ಒಡತಿ. ಸಿನಿಮಾದ ಇಷ್ಟೊಂದು ಬಾಗಿಲುಗಳನ್ನು ಒಬ್ಬರೇ ದಾಟಿದ್ದನ್ನು ಬೇರೆಲ್ಲಾದರೂ ಕಂಡಿದ್ದೀರಾ?

1965ರಲ್ಲಿ ಪಾರ್ಶ್ವವಾಯು ಬಡಿಯಿತು. ಕೆಲವೇ ದಿನ. ದನಿ ನಿಂತಿತು.

ಈಗ ಆ ಬಾಂಬು!

ಕಾಯಿಸಿದ್ದೆನಲ್ಲ? ಬನ್ನಿ.

ಅಮೀರ್‌ಬಾಯಿ ತೀರಿಕೊಂಡದ್ದು 1965. ಮೂವತ್ತು ವರ್ಷ ದೇಶದ ತುಂಬ ಪ್ಲೇಟಿನ ಮೇಲೆ, ಪರದೆಯ ಮೇಲೆ, ಪೋಸ್ಟರಿನ ಮೇಲೆ ಮೆರೆದ ಹೆಸರು ‘ಕರ್ನಾಟಕಿ’.

ಹಾಗಾದರೆ ಹೇಳಿ, ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಯಾವಾಗ?

1973ರ ನವೆಂಬರ್ 1!

ಅವರು ಹೋಗಿ ಎಂಟು ವರ್ಷ ಕಳೆದ ಮೇಲೆ! ಅವರು ಬದುಕಿದ್ದಷ್ಟೂ ದಿನ ಭೂಪಟದಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ! ಅವರ ಬೀಳಗಿ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ಕಡೂರು, ತರೀಕೆರೆ ಮೈಸೂರು ಮಹಾರಾಜರ ಸಂಸ್ಥಾನದಲ್ಲಿದ್ದವು. 1956ರಲ್ಲಿ ಕನ್ನಡದ ತುಣುಕುಗಳು ಒಂದಾದವು, ಆಗಲೂ ಹೆಸರು ಮೈಸೂರು ರಾಜ್ಯ.

ಇನ್ನೊಂದು ತಮಾಷೆ ಕೇಳಿ. ‘ಕಿಸ್ಮತ್’ ಓಡುತ್ತಿದ್ದಾಗ ಕರ್ನಾಟಕ ರಾಜ್ಯ ಇರಲಿಲ್ಲ, ಆದರೆ ಕಡೂರು ಜಿಲ್ಲೆ ಇತ್ತು! ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೂ ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದರು. ಅಜ್ಜಂಪುರ ತಾಲ್ಲೂಕಾಗಿದ್ದಂತೂ ಮೊನ್ನೆ ಮೊನ್ನೆ.

ಗಡಿಗಳು ಬಂದವು, ಹೋದವು. ಜಿಲ್ಲೆಗಳ ಹೆಸರು ಬದಲಾದವು. ಕನ್ನಡ ನಾಡಿನ ಕನಸು ಕಂಡವರು ಸಭೆ ಮಾಡಿದರು, ಮೆರವಣಿಗೆ ಮಾಡಿದರು, ಲಾಠಿಯೇಟು ತಿಂದರು. ಅದೇ ಹೊತ್ತಿಗೆ ಒಬ್ಬ ಹೆಣ್ಣುಮಗಳು ಮುಂಬೈಯ ಮೈಕಿನ ಮುಂದೆ ನಿಂತು, ಸರಕಾರದ ಅಪ್ಪಣೆ ಕೇಳದೆ, ಆ ನಾಡನ್ನು ತನ್ನ ಹೆಸರಿಗೆ ಕಟ್ಟಿಕೊಂಡು, ಕಲ್ಕತ್ತಾದಿಂದ ಕರಾಚಿಯವರೆಗೆ ತಿರುಗಿಸಿದರು. ಲಾಹೋರಿನ ಅಂಗಡಿಯವನು ಅವರ ಪ್ಲೇಟು ಕೊಡುವಾಗ ನಮ್ಮ ನಾಡಿನ ಹೆಸರನ್ನೂ ಉಚ್ಚರಿಸಲೇಬೇಕಿತ್ತು!

ಕನ್ನಡ ಕೋಗಿಲೆ ಎಂದು ಅವರನ್ನು ಕರೆದರು. ಕರೆಯದೆ ಇರುತ್ತಾರೆಯೇ?

ಅಟ್ಟ ಹತ್ತಿ!

ಓದಿ ಸುಮ್ಮನಾಗಬೇಡಿ. ನಿಮಗೆ ಒಂದು ಕೆಲಸ ಇದೆ.

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಹಳೆಯ ಮನೆಗಳಲ್ಲಿ ಅಟ್ಟಗಳಿವೆ. ಅಟ್ಟದ ಮೇಲೆ ಪೆಟ್ಟಿಗೆಗಳಿವೆ. ಅಜ್ಜನ ಕಾಲದ ಗ್ರಾಮಫೋನ್ ಇದ್ದರೂ ಇದ್ದೀತು. ಅದರ ಕೆಳಗೆ ಧೂಳು ಹಿಡಿದ ಕಪ್ಪು ಪ್ಲೇಟುಗಳು. ಮೇಲೆ ಕೊಂಬಿನ ಮುಂದೆ ಕುಳಿತ ನಾಯಿಯ ಚಿತ್ರ.

ಎತ್ತಿಕೊಳ್ಳಿ. ಮೆಲ್ಲಗೆ! ಅದು ಪ್ಲಾಸ್ಟಿಕ್ ಅಲ್ಲ. ಯಾವುದರಿಂದ ಮಾಡಿದ್ದು, ಊಹಿಸಿ!

ಅರಗಿನಿಂದ! ಹುಳುಗಳು ಮರದ ಕೊಂಬೆಯ ಮೇಲೆ ಸುರಿಸುವ ಅರಗು. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ ಅದೇ ಅರಗು! ಜಗತ್ತಿನ ಹಾಡೆಲ್ಲ ಅರ್ಧ ಶತಮಾನ ಮುದ್ರಣವಾದದ್ದು ಬಹುಪಾಲು ನಮ್ಮ ದೇಶದ ಕಾಡಿನ ಈ ಅರಗಿನ ಮೇಲೆ. ಕೈಜಾರಿದರೆ ಹಂಚಿನ ಹಾಗೆ ಚೂರುಚೂರು.

ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಕರಗುತ್ತದೆ, ಹಾಡೂ ಕರಗುತ್ತದೆ. ಒಣ ಮೆತ್ತನೆ ಬಟ್ಟೆ ಸಾಕು. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿಡಿ. ಗುಜರಿಗೆ ಹಾಕುವ ಮಾತಂತೂ ಬೇಡವೇ ಬೇಡ!

ಆಮೇಲೆ ನಡುವಿನ ಲೇಬಲ್ಲಿನ ಮೇಲೆ ಕಣ್ಣಾಡಿಸಿ. ಸಣ್ಣ ಅಕ್ಷರ ಇರುತ್ತದೆ, ಬೆಳಕಿಗೆ ಹಿಡಿದು ಓದಿ. ಚಿತ್ರದ ಹೆಸರು, ಕಂಪನಿಯ ಹೆಸರು, ಹಾಡಿದವರ ಹೆಸರು. ಆ ಸಾಲಿನಲ್ಲಿ ‘ಕರ್ನಾಟಕಿ’ ಎಂದಿದ್ದರೆ ಕೂಗಿ ಮನೆಮಂದಿಯನ್ನೆಲ್ಲ ಕರೆಯಿರಿ. ಮಕ್ಕಳ ಕೈಗೆ ಕೊಟ್ಟು ಓದಿಸಿ. ರಾಜ್ಯಕ್ಕಿಂತ ಮೊದಲೇ ಹೆಸರು ಮಾಡಿದ ಕರ್ನಾಟಕ ನಿಮ್ಮ ಅಟ್ಟದಲ್ಲೇ ಇದೆ!